ಹಸುಗಳ ಕೊರಳಿನ ಕಪ್ಪು ದಾರ

“ಡಾಕ್ಟ್ರೇ, ಹಿಂದೆ ಸರೀರಿ!”

ಕೂಗು ಕೇಳುವಷ್ಟರಲ್ಲಿ ಹೋರಿ ತಲೆ ಬೀಸಿತ್ತು. ಕೊಂಬು ತಾಗುವ ಮೊದಲೇ ಪ್ರದೀಪ ರಂಜನಾಳನ್ನು ಗೋಡೆಯತ್ತ ಎಳೆದುಕೊಂಡ. ಅವನ ಎದೆ ಹೊಡೆದುಕೊಳ್ಳುವುದು ಅವಳಿಗೂ ಕೇಳಿಸಿತು...

ಕೊಪ್ಪಕ್ಕೆ ಹೊಸದಾಗಿ ಬಂದ ಪಶುವೈದ್ಯೆ ಅವಳು. ಹಿರೇಕೊಡಿಗೆಯ ಹಸುಗಳನ್ನೆಲ್ಲ ಪ್ರದೀಪನ ಮನೆಯ ಈ ಬೀಜದ ಹೋರಿಯ ಹತ್ತಿರವೇ ತರುತ್ತಿದ್ದರು. ಒಂದೂ ಗಬ್ಬ ನಿಲ್ಲುತ್ತಿರಲಿಲ್ಲ.

ಕೊಟ್ಟಿಗೆಯ ಪ್ರತಿ ಹಸುವಿನ ಕೊರಳಲ್ಲೂ ಕಪ್ಪು ದಾರ ಕಂಡು ಅವಳು ಒಂದನ್ನು ಎತ್ತಿ ಹಿಡಿದಳು.

“ಇದೆಂತ?”

“ಅಮ್ಮ ಮಂತ್ರಿಸಿ ತಂದಿದ್ದು. ಹಸುಗಳಿಗೇ ಏನೋ ದೋಷ ಅಂತಾರೆ.”

“ಹೋರೀನ ಯಾರೂ ಪರೀಕ್ಷೆ ಮಾಡ್ಸಿಲ್ವಾ?”

“ಇಷ್ಟು ಗಟ್ಟಿ ಹೋರಿ ಮೇಲೆ ಅನುಮಾನ ಪಡೋದು ಹೆಂಗೆ ಮಾರಾಯ್ತಿ!” ಎಂದವನು ನಾಲಿಗೆ ಕಚ್ಚಿಕೊಂಡ.

ಆ ‘ಮಾರಾಯ್ತಿ’ ಅವಳ ಮನಸ್ಸಿನಲ್ಲೇ ಉಳಿದುಬಿಟ್ಟಿತು, ನೋಡಿ! ಪರೀಕ್ಷೆಗೆ ಹೋರಿಯ ವೀರ್ಯದ ಮಾದರಿ ತೆಗೆಯಲೆಂದು ಬಂದವಳು ಕಾಫಿಗೆ ಕೂತಳು. ಮಳೆಗಾಲ ಮುಗಿಯುವುದರೊಳಗೆ ಎರಡೂ ಮನೆಯವರು ಮದುವೆ ಮಾತಾಡಿದ್ದರು.

ಪರೀಕ್ಷೆಯ ಫಲಿತಾಂಶ ಬಂದಾಗ ಅವಳೇ ಫೋನ್ ಮಾಡಿದಳು.

“ಹೋರಿಯ ವೀರ್ಯದಲ್ಲಿ ವೀರ್ಯಾಣುವೇ ಇಲ್ಲ ಪ್ರದೀಪ. ಹುಟ್ಟಿನಿಂದಲೇ ಬಂದ ಜೀನ್ ದೋಷ. ತಾಯಿಯಿಂದ ಗಂಡುಕರುವಿಗೆ ಬರೋದು. ತಾಯಿಗೆ ಮಾತ್ರ ಎಂತದೂ ಆಗಲ್ಲ.”

“ಮನುಷ್ಯರಲ್ಲೂ... ಹೀಗಾಗ್ತದಾ?”

“ಹಾಲು ಕುಡಿದು ಬೆಳೆಯೋ ಪ್ರಾಣಿಗಳಲ್ಲೆಲ್ಲ ಆಗಬಹುದು. ಅದಿರಲಿ, ಇಂಥದ್ದನ್ನ ಇಟ್ಕಂಡು ಎಂತ ಮಾಡ್ತೀಯಾ? ಸಾಗಹಾಕು!”

ಅವಳು ನಗುನಗುತ್ತಲೇ ಅಂದಿದ್ದಳು. ಆ ಕಡೆ ಫೋನ್ ಕಟ್ಟಾಯಿತು. ಆಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ.

‘ನಾನೇನು ತಪ್ಪು ಮಾಡಿದೆ?’ ಅತ್ತು ಸಾಕಾಗಿ ಕೊನೆಗೆ ಅವಳೇ ಹಿರೇಕೊಡಿಗೆಗೆ ಹೋದಳು.

ಹೋರಿ ಇನ್ನೂ ಕೊಟ್ಟಿಗೆಯಲ್ಲೇ ಇತ್ತು. ಜಗಲಿಯಲ್ಲಿ ಪ್ರದೀಪನ ತಾಯಿ ಯಮುನಮ್ಮ ಹೊಸ ಕಪ್ಪು ದಾರ ಹಿಡಿದು ಕೂತಿದ್ದರು.

“ಕೈ ಕೊಡು ಮಗಾ. ನಿಂಗೆ ಮದುವೆಗೆ ಮುಂಚೇನೇ ಕಟ್ಬಿಡ್ತೀನಿ. ದೊಡ್ಡ ಸೊಸೆ ಕುಸುಮಾಗೆ ತಡವಾಗಿ ಕಟ್ಟಿದೆ. ಮಕ್ಕಳಾಗ್ಲೇ ಇಲ್ಲ, ತವರಿಗೆ ಕಳಿಸ್ಬೇಕಾಯ್ತು.”

ರಂಜನಾ ಕೈ ಹಿಂದಕ್ಕೆಳೆದುಕೊಳ್ಳಲು ಹೋದಳು. ಯಮುನಮ್ಮ ಆಗಲೇ ದಾರ ಸುತ್ತತೊಡಗಿದ್ದರು. ಹಸುಗಳ ಕೊರಳಲ್ಲಿದ್ದ ಅದೇ ಗಂಟು...

“ಬೇಡ ಅಮ್ಮಾ!”

ಬಾಗಿಲಲ್ಲಿ ಪ್ರದೀಪ ನಿಂತಿದ್ದ. ಕೈಯಲ್ಲಿ ಆಸ್ಪತ್ರೆಯ ವರದಿ ಇತ್ತು.

“ನಾನೂ ಅಣ್ಣನೂ ಪರೀಕ್ಷೆ ಮಾಡಿಸ್ಕಂಡು ಬಂದ್ವಿ. ಹೋರಿಗಿರೋ ದೋಷವೇ ನಮ್ಮಿಬ್ಬರಿಗೂ ಇದೆ. ನಮಗೆ ಮಕ್ಕಳಾಗಲ್ಲ. ಅತ್ತಿಗೇದು ಎಂತ ತಪ್ಪೂ ಇರ್ಲಿಲ್ಲ.”

ಯಮುನಮ್ಮನ ಕೈಯಿಂದ ದಾರ ಜಾರಿತು. ತಮ್ಮ ತವರಿನಲ್ಲೂ ಅಣ್ಣನಿಗೆ ಮಕ್ಕಳಾಗದೆ, ಎಲ್ಲರೂ ಅವನ ಹೆಂಡತಿಯನ್ನೇ ದೂರಿದ್ದು ಅವರಿಗೆ ನೆನಪಾಯಿತು. ಅವರು ಮತ್ತೆ ತಲೆ ಎತ್ತಲಿಲ್ಲ.

“ಸಾಗಹಾಕು ಅಂದಿದ್ದೆಯಲ್ಲ ರಂಜನಾ... ನೀನೇ ಹೊರಡು,” ಎಂದ ಪ್ರದೀಪ.

ಅಯ್ಯೋ, ಆ ಮಾತು! ಹೋರಿಗೆ ಅಂದಿದ್ದನ್ನು ಇವನು ಇಷ್ಟು ದಿನ ಎದೆಯಲ್ಲಿಟ್ಟುಕೊಂಡು ನರಳಿದನೇ? ಅವಳ ಕಣ್ಣು ತುಂಬಿ ಬಂತು.

“ಬಾಯಿ ತಪ್ಪಿ ಅಂದೆ, ಕ್ಷಮಿಸು. ಮಕ್ಕಳಿಗೋಸ್ಕರ ನಿನ್ನ ಒಪ್ಪಿದ್ದಾ ನಾನು? ಮುಚ್ಚಿಟ್ಟಿದ್ರೆ ಖಂಡಿತ ಹೋಗ್ತಿದ್ದೆ. ಈಗ ಹೋಗೋದಿದ್ರೆ ಶೆಟ್ಟಿಕೊಪ್ಪಕ್ಕೆ, ಕುಸುಮಕ್ಕನ ತವರಿಗೆ. ನಿನ್ನ ತಪ್ಪಲ್ಲ ಅಂತ ಅವರಿಗೆ ಯಾರಾದ್ರೂ ಹೇಳ್ಬೇಕಲ್ಲ? ನೀನೂ ಬಾ.”

“ಅತ್ತಿಗೆ ಬಾಗಿಲೇ ತೆಗೀದಿದ್ರೆ?”

“ತೆಗೆಯೋ ತನಕ ಹೊರಗೆ ಕೂರೋಣ.”

“ಆಮೇಲೆ... ನನ್ನ ಸಾಗಹಾಕ್ತೀಯಾ?”

ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

“ಸುಮ್ನೆ ಬೈಕ್ ತೆಗಿ ಮಾರಾಯ!”