ಬಾಯಲ್ಲಿಟ್ಟುಕೊಂಡ ಹೆಸರು

"ಭರಮವ್ವಾ... ಯಾರು ಬಂದಾರ ನೋಡ!"

ನೀರಿಗೆ ಬಂದಿದ್ದ ದ್ಯಾಮಕ್ಕನ ದನಿಗೆ ಭರಮಮ್ಮ ತಲೆಯೆತ್ತಿದಳು. ಕಂಕುಳಲ್ಲಿದ್ದ ಕೊಡ ಜಾರಿ ಉರುಳಿತು. ಮಲಪನಗುಡಿಯ ಮೆಟ್ಟಿಲುಬಾವಿಯ ಮೇಲೆ ನಿಂತಿದ್ದವನು ಗಾದಿಲಿಂಗಪ್ಪ. ಅವಳ ಗಂಡ! ತವರಿಗೆ ಅಟ್ಟಿ ವರ್ಷ ಕಳೆದ ಮೇಲೆ ಈಗ ದಾರಿ ಕಂಡಿತೇ ಇವನಿಗೆ?

ಎಷ್ಟು ಸೊರಗಿದ್ದಾನೆ... ಹಿಂದೆಯೇ ಸಿಟ್ಟು ಉಕ್ಕಿತು.

"ಎರಡನೇ ಮದುವಿಗೆ ಕರಿಯಾಕ ಬಂದ್ರೇನು?"

"ಇಲ್ಲ... ನಿನ್ನ ಜೋಡಿ ಮಾತಾಡಬೇಕು."

ಹೊಸಪೇಟೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಗಾದಿಲಿಂಗಪ್ಪ ಅಲ್ಲಿನ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ, ಒಂದೊಂದಕ್ಕೆ ಒಂದೊಂದು ಅಕ್ಷರ, ಜೋಡಿಸುತ್ತಿದ್ದ. ಮದುವೆಯ ಹೊಸತರಲ್ಲಿ ಬುತ್ತಿ ಒಯ್ದ ಭರಮಮ್ಮ ನೋಡುತ್ತಾಳೆ, ಎರಡೂ ಕೈಗೆ ಕೆಲಸ, ಮೊಳೆಗಳೆಲ್ಲ ತುಟಿಗಳ ನಡುವೆ!

"ಏನ್ರೀ, ಸೀಸ ತಿಂತೀರೇನು?" ಎಂದು ನಕ್ಕಿದ್ದಳು.

ಅವನು ಬಾಯಿಂದ ಒಂದೊಂದೇ ಮೊಳೆ ತೆಗೆದು ಅವಳ ಅಂಗೈಗಿಟ್ಟ. "ನಿನ್ನ ಹೆಸರು. ದಿನಾ ನನ್ನ ಬಾಯಾಗೇ ಇರ್ತೈತಿ."

ಓದು ಬಾರದ ಹುಡುಗಿ ನಾಚಿ ನೀರಾದಳು. ಆ ಮೊಳೆಗಳು ಇವತ್ತಿಗೂ ಅವಳ ಸೊಂಟದ ಎಲೆಅಡಿಕೆ ಚೀಲದಲ್ಲಿವೆ.

ಆಮೇಲೆ ಮಕ್ಕಳಾಗಲಿಲ್ಲ. ತಪ್ಪು ಯಾರದು? ಅಯ್ಯೋ, ಕೇಳುವುದೇನು, ಹೆಣ್ಣಿನದೇ! ನಾಗರಕಲ್ಲಿಗೆ ಹಾಲೆರೆದಳು. ಒದ್ದೆ ಸೀರೆಯಲ್ಲಿ ಅರಳಿಕಟ್ಟೆ ಸುತ್ತಿದಳು. ಕಹಿ ಬೇರು ಕುಡಿದು ಕಾರಿಕೊಂಡಳು. ನಾದಿನಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅತ್ತೆ ಸಂಗಮ್ಮ, "ಬಂಜಿ ಕೈ ತೊಟ್ಲಿಗೆ ಬ್ಯಾಡ" ಎಂದು ಎಲ್ಲರೆದುರೇ ಅವಳ ಕೈ ಎಳೆದಳು. ಗಾದಿಲಿಂಗಪ್ಪ ತಲೆತಗ್ಗಿಸಿ ನಿಂತಿದ್ದ. ಅದಾದ ಮೇಲೆಯೇ ಅವಳನ್ನು ತವರಿಗೆ ಅಟ್ಟಿದ್ದು. ಅವನು ಹಾಗೆ ನಿಂತದ್ದೊಂದನ್ನು ಮಾತ್ರ ಅವಳು ಮರೆತಿಲ್ಲ.

"ಹೊಟ್ಟಿ ನೋವಂತ ಬಳ್ಳಾರಿ ಡಾಕ್ಟರ್ ಕಡೆ ಹೋಗಿದ್ದೆ," ಈಗ ಬಾವಿಯ ಮೇಲೆ ನಿಂತೇ ಅವನೆಂದ. "ಒಸಡಿನ ನೀಲಿ ಗೆರಿ ನೋಡಿದ್ರು, ಪರೀಕ್ಷಾ ಮಾಡಿದ್ರು. ಸೀಸ ಮೈಗೆ ಏರೈತಿ ಅಂದ್ರು. ಮಕ್ಕಳಾಗದ್ದು ನಿನ್ನಿಂದಲ್ಲ... ನನ್ನಿಂದ."

ಭರಮಮ್ಮ ಅವನನ್ನೇ ದಿಟ್ಟಿಸಿದಳು.

"ಯಾವಾಗ ಅಂದ್ರು? ತೊಟ್ಲು ಶಾಸ್ತ್ರಕ್ಕಿಂತ ಮೊದ್ಲೋ, ಆಮ್ಯಾಲೋ? ಹೇಳ್ರಿ!"

"...ಮೊದ್ಲು."

ಗೊತ್ತಿತ್ತು! ಗೊತ್ತಿದ್ದೂ ಬಾಯಿ ಮುಚ್ಚಿ ನಿಂತಿದ್ದ!

"ಗಂಡಸಲ್ಲ ಅಂತಾರಂತ ಹೆದರಿದೆ," ಅವನೆಂದ. "ಮೊನ್ನೆ ಅವ್ವ ಕಂಪ್ಲಿಯಿಂದ ಹೆಣ್ಣಿನವರನ್ನ ಕರಿಸಿದ್ಲು. ಇನ್ನೊಂದು ಹುಡುಗಿ ಬಾಳು ಹಾಳು ಮಾಡಾಕ ಮನಸ್ಸು ಬರಲಿಲ್ಲ. ಎಲ್ಲರ ಮುಂದ ಹೇಳಿಬಿಟ್ಟೆ. ಪ್ರೆಸ್ಸೂ ಬಿಟ್ಟೆ."

"ಅಲ್ಲಿ ಹೇಳಿದ್ರಿ. ಇಲ್ಲಿ? ನನ್ನ ಕೊಡ ಕಂಡ್ರ ಇವರು ತಮ್ಮ ಕೊಡ ಸರಸ್ತಾರ!"

ಗಾದಿಲಿಂಗಪ್ಪ ಬಾವಿಯ ಹೆಂಗಸರ ಕಡೆ ತಿರುಗಿದ.

"ಕೇಳ್ರವ್ವಾ! ನನ್ನ ಹೆಣ್ತಿ ಬಂಜಿ ಅಲ್ಲ! ದೋಷ ನನ್ನದು!"

ದ್ಯಾಮಕ್ಕ ಮೆಲ್ಲಗೆ ಎದ್ದು, ಉರುಳಿದ್ದ ಭರಮಮ್ಮನ ಕೊಡ ಎತ್ತಿ, ತುಂಬಿ, ತನ್ನ ಕೊಡದ ಪಕ್ಕದಲ್ಲೇ ಇಟ್ಟಳು.

ಭರಮಮ್ಮ ಚೀಲದಿಂದ ಮೊಳೆಗಳನ್ನು ತೆಗೆದು ನೀರಿಗೆ ಎಸೆಯಲು ಕೈ ಎತ್ತಿದಳು.

"ಬ್ಯಾಡ! ಕುಡಿಯೋ ನೀರು!" ಅವನು ಓಡಿಬಂದು ಕೈ ಹಿಡಿದ.

ಅವಳಿಗೆ ಅಳು ಒತ್ತರಿಸಿ ಬಂತು. "ನನ್ನ ಹೆಸರೇ ನಿಮಗ ವಿಷ ಆತೇನ್ರೀ..."

"ವಿಷ ಸೀಸದ್ದು. ಹೆಸರಿನ ತಪ್ಪೇನೈತಿ?" ಮೊಳೆಗಳನ್ನು ಹೆಗಲ ಮೇಲಿನ ವಲ್ಲಿಯ ತುದಿಗೆ ಗಂಟು ಹಾಕಿಕೊಂಡ. "ಕೆಲಸ ಬಿಟ್ಟೀನಲ್ಲ, ಮುಂದ ಮಕ್ಕಳಾಗಬಹುದು, ಆಗದೇನೂ ಇರಬಹುದು ಅಂದಾರ. ಹಂಗಿದ್ರೂ... ಬರ್ತೀಯೇನು?"

"ಬರ್ತೀನಿ," ಎಂದಳು. "ಆದ್ರ ಆ ತೊಟ್ಲು ಮುಂದ ನೀವು ಸುಮ್ಮನ ನಿಂತಿದ್ದು ಮರಿಯಾಕ ಭಾಳ ದಿನ ಬೇಕ್ರಿ."

"ಕಾಯ್ತೀನಿ, ಭರಮಮ್ಮ."

ಅವಳು ಕೊಡ ಬಾಗಿಸಿದಳು.

"ಮೊದ್ಲು ಕೈ ಚೆಂದಾಗಿ ತೊಳ್ಕೊಳ್ರಿ. ಮನಿಗೆ ಹೋಗಿ ಉಣ್ಣಾಕ ಹಾಕ್ತೀನಿ."

"ನೀನೂ ಮುಟ್ಟೀಯಲ್ಲ... ನಿನ್ನ ಕೈ?"

ಭರಮಮ್ಮ ಎರಡೂ ಅಂಗೈ ಅವನ ಮುಂದೆ ಚಾಚಿದಳು.

"ನೀವ ತೊಳೀರಿ."