ಮಿರ್ಚಿ ಚೌಡಮ್ಮನ ಫೋಟೊ

ನಂಬಿ ಎಂದು ನಾನು ಯಾರಿಗೂ ದುಂಬಾಲು ಬೀಳುವುದಿಲ್ಲ. ಫೋಟೊ ಇನ್ನೂ ಗೋಡೆಯ ಮೇಲಿದೆ, ಹೋಗಿ ನೋಡಿ.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡ್ ಹಿಂದಿನ ತಿಂಡಿ ಬೀದಿ ರಾತ್ರಿಯಿಡೀ ಎಚ್ಚರವಿರುತ್ತಿತ್ತು. ಅದು ಸುಟ್ಟುಹೋದ ಜಾಗದಲ್ಲಿ ಕಾಂಪ್ಲೆಕ್ಸ್ ಎದ್ದಿತು. “ನಿಮ್ಮ ಅಂಗಡಿ ಇಲ್ಲಿತ್ತು ಅನ್ನೋಕೆ ಏನ್ರೀ ಸಾಕ್ಷಿ?” ಎಂದರು ಕಟ್ಟಿಸಿದವರು. ಹಿಂದೆ ನಾನು ತೆಗೆದಿದ್ದ ಫೋಟೊಗಳನ್ನೇ ಮುಂದಿಟ್ಟು ಹೋರಾಡಿ, ಬೀದಿಯವರೆಲ್ಲ ಆ ಕಾಂಪ್ಲೆಕ್ಸಿನಲ್ಲಿ ಮಳಿಗೆ ಗೆದ್ದರು.

ಮಳಿಗೆ ತೆರೆಯುವ ದಿನ ಆ ಫೋಟೊಗಳನ್ನು ಅಲ್ಲೇ ತೂಗುಹಾಕಿದೆ. ನಡುವಿನದು ಬೆಂಕಿಯಲ್ಲಿ ತೀರಿಕೊಂಡ ಮಿರ್ಚಿ ಚೌಡಮ್ಮನದು. ಬಾಣಲೆಯ ಮೇಲೆ ಜಾಲರಿ ಸೌಟು ಹಿಡಿದು ನಗುತ್ತಿದ್ದಳು. ಯಾರೂ ಇನ್ನೂ ಒಲೆ ಹಚ್ಚಿರಲಿಲ್ಲ; ಆದರೂ ಕರಿದ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ಚೌಕಟ್ಟಿನ ಗಾಜು ಮುಟ್ಟಿದರೆ ಬಿಸಿ.

ಮುಸ್ಸಂಜೆಗೆ ಚೌಡಮ್ಮನ ಮಗಳು ನಾಗಶ್ರೀ ಸ್ವಿಚ್ ಒತ್ತಿದಳು. ದೀಪ ಹತ್ತಿದೊಡನೆ ಅಂಗಡಿಯವರೆಲ್ಲ ಎಂದಿನ ರೂಢಿಯಂತೆ ಅದಕ್ಕೆ ಕೈ ಮುಗಿದರು. “ಗೆದ್ವಿ ನೋಡವ್ವಾ!” ಎಂದು ಕೂಗಿ ಫೋಟೊ ಕಡೆ ತಿರುಗಿದ ನಾಗಶ್ರೀ ನನ್ನ ತೋಳು ಹಿಡಿದಳು.

“ಅಣ್ಣಾ, ಅಲ್ನೋಡ್ರೀ. ಅವ್ವನೂ ಕೈ ಮುಗ್ದಾಳೆ.”

ನನ್ನ ಕ್ಯಾಮೆರಾದಲ್ಲಿರುವ ಚಿತ್ರದಲ್ಲಿ ಚೌಡಮ್ಮನ ಕೈಯಲ್ಲಿ ಇಂದಿಗೂ ಸೌಟಿದೆ. ಗೋಡೆಯ ಮೇಲಿನದರಲ್ಲಿ ಸೌಟು ಒಲೆಯಂಚಿಗೆ ಒರಗಿದೆ; ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿದೆ.