ಹನ್ನೆರಡು ಮದುವಣಗಿತ್ತಿಯರ ಕೌದಿ

“ಯಜಮಾನ್ರ, ಸ್ವಲ್ಪ ಏಳ್ರಿ. ನಮ್ಮಣ್ಣನ ಎದಿ ಮ್ಯಾಲೆ ಕುಂತೀರಿ.”

ಸಭಾಂಗಣದಲ್ಲಿ ಸುತ್ತಿಗೆಗಳ ಸದ್ದು ನಿಂತಿತು. ಕನ್ನಡ ನಾಡು ಒಂದಾದ ಸಂಭ್ರಮಕ್ಕೆ ಗದುಗಿನಲ್ಲಿ ಏರ್ಪಡಿಸಿದ್ದ ಕಲಾಪ್ರದರ್ಶನ ಇನ್ನರ್ಧ ತಾಸಿನಲ್ಲಿ ತೆರೆಯಬೇಕಿತ್ತು. ಸಮಿತಿಯ ಅಧ್ಯಕ್ಷ, ಛಾಪಖಾನೆಯ ಮಾಲೀಕ ಹುಚ್ಚೀರಪ್ಪನವರು ಕೌದಿಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಅದಕ್ಕ ಕೆಳಗ ಏನೋ ಚರಚರ ಅಂತಿತ್ತು,” ಎನ್ನುತ್ತ ಎದ್ದರು.

ಹಾಸಿದವನು ಅಂದಪ್ಪ, ಅವರ ಛಾಪಖಾನೆಯ ಚಿತ್ರಗಾರ. ಕೌದಿ ಕೈಗೆ ಸಿಕ್ಕರೆ ಹಾಸುವುದಲ್ಲದೆ ಇನ್ನೇನು ಮಾಡುತ್ತಾರೆ?

“ಗ್ವಾಡಿಗೆ ಹಾಕೂ ಕೌದಿರಿ ಇದು,” ಎಂದಳು ಬೆಟಗೇರಿಯ ಗುರುಸಿದ್ದವ್ವ. “ತಿರವಿ ನೋಡಾಕ ಪುರುಸೊತ್ತ ಇರಲಿಲ್ಲೇನ್ರಿ?”

ಅಂದಪ್ಪ ತಿರುವಿದ. 

ನಡುವೆ ತೋಳು ಚಾಚಿದ ಖಾಕಿ ಅಂಗಿ. ಬರ್ಮಾ ಯುದ್ಧಕ್ಕೆ ಹೋದ ಅವಳ ಅಣ್ಣ ಬರಲಿಲ್ಲ, ಅಂಗಿ ಬಂದಿತ್ತು. ಆ ತೋಳುಗಳಲ್ಲಿ ಹಸುಗೂಸಿನ ಕುಲಾಯಿ. ಸುತ್ತಲೂ ಸಾಬೂನಿನ ಡಬ್ಬಿಗಳಿಂದ ಕತ್ತರಿಸಿ ಹೊಲಿದ ಹನ್ನೆರಡು ಮದುವಣಗಿತ್ತಿಯರು, ಕಾಲಡಿಗೆ ಒಡೆದ ಬಳೆಚೂರು. ಡಬ್ಬಿಯ ಮೇಲಿನ ಆ ಮದುವಣಗಿತ್ತಿಯ ಚಿತ್ರ ಬರೆದವನು ಅಂದಪ್ಪನೇ. ಅವನು ಬರೆದಾಗ ಅವಳ ರೆಪ್ಪೆ ನೆಲ ನೋಡುತ್ತಿತ್ತು. ಇಲ್ಲಿ ಕೆಂಪು ನೂಲಿನಲ್ಲಿ ಹನ್ನೆರಡು ಜೋಡಿ ಕಣ್ಣು ತೆರೆದಿದ್ದವು, ಒಂದೂ ಮಿಟುಕದೆ.

“ನನ್ನ ಹುಡುಗಿ,” ಎಂದ, ಅರ್ಧ ನೋವಿನಲ್ಲಿ.

“ನಿಮ್ಮಾಕಿ ಏನ್ರಿ? ಹತ್ತು ವರ್ಷ ತಲಿ ತಗ್ಗಿಸಿ ನಿಂತು ಕುತಿಗಿ ಹಿಡಿದಿತ್ತು ಪಾಪ. ನಾ ಎತ್ತಿನಿ.”

ಮಠದಲ್ಲಿ ಪದ್ಯ ಓದುವಾಗ ಮುಂದಿನ ಸಾಲಿಗೆ ಕಿವಿ ಕಾಯುತ್ತದಲ್ಲ, ಅಂದಪ್ಪ ಅವಳ ಮುಂದಿನ ಮಾತಿಗೆ ಹಾಗೆ ಕಾದ.

ಹುಚ್ಚೀರಪ್ಪನವರು ಕೈ ಅಡ್ಡ ಹಿಡಿದರು. “ಈ ಸಾಬಾಣದ ಕಂಪನಿ ಮಾಲೀಕರು ಉದ್ಘಾಟನಾಕ್ಕ ಬರಾಕತ್ತಾರ. ಹೊಸಾ ಸುಣ್ಣದ ಗ್ವಾಡಿಗೆ ಇದಕ್ಕಂತ ಒಂದು ಮೊಳಿ ಬಡ್ಯಾಂಗಿಲ್ಲ.”

ಗುರುಸಿದ್ದವ್ವ ಎರಡು ವರ್ಷದ ಹೊಲಿಗೆಯನ್ನು ಮಡಚತೊಡಗಿದಳು. ಅಂದಪ್ಪ ಬಾಗಿ ಒಂದು ತುದಿ ಎತ್ತಿ ಹಿಡಿದ.

“ಮೊಳಿ ಯಾಕ್ರಿ? ಈ ತುದಿ ನಾ ಹಿಡೀತೀನಿ, ಆ ತುದಿ ನೀವು ಹಿಡೀರಿ.”

“ಅಂದಪ್ಪ, ನಾಳೆ ಕೆಲಸಕ್ಕ ಬರೂದೈತೋ ಇಲ್ಲೋ?”

ಅಂದಪ್ಪ ಸೊಂಟದ ಛಾಪಖಾನೆಯ ಕೀಲಿ ಬಿಚ್ಚಿ ಅವರ ಎಲೆಯ ತಟ್ಟೆಯಲ್ಲಿಟ್ಟ. ಗುರುಸಿದ್ದವ್ವ ಆ ತುದಿ ಹಿಡಿದಳು. ಕೌದಿ ಇಬ್ಬರ ನಡುವೆ ಎದ್ದು ನಿಂತಿತು.

ಬಾಗಿಲು ತೆರೆಯಿತು. ಸಾಬಾಣದ ಮಾಲೀಕರು ಒಮ್ಮೆ ನೋಡಿ, ಕೆಮ್ಮಿ, ಬೇರೆ ಗೋಡೆಯತ್ತ ನಡೆದರು. ಹೆಂಗಸರು ಮಾತ್ರ ಕೌದಿಯ ಮುಂದೆಯೇ ನೆರೆದರು.

“ಯವ್ವಾ, ಈ ಹುಡುಗ್ಯಾರು ನನ್ನ ಯಾಕ ಹಿಂಗ ನೋಡಾಕತ್ತಾರ?” ಎಂದು ಬಳೆಗಾರ್ತಿ ಫಕೀರಬಿ ನಕ್ಕಳು. ಆಮೇಲೆ ಖಾಕಿ ತೋಳನ್ನು ಮುಟ್ಟಿದಳು. ನಗು ಹೋಯಿತು. ಬಹಳ ಹೊತ್ತು ಅಲ್ಲೇ ನಿಂತಳು.

ಎರಡು ಮಾರು ಅಗಲದ ಆಚೆಯಿಂದ ಅಂದಪ್ಪ ಪಿಸುಗುಟ್ಟಿದ: “ಹನ್ನೆರಡು ಮಂದಿ ನೋಡಾಕತ್ತಾರ. ಹದಿಮೂರನೇದಾಕಿ ಈ ಕಡೆ ನೋಡವಲ್ಲಳು.”

“ನಾ ಕಣ್ಣೆತ್ತಿ ನೋಡಿದ್ರ ಗಂಡಸರು ಒಲ್ಲೆ ಅಂತಾರ. ಕನ್ಯಾ ನೋಡಾಕ ಬಂದವರು ಮೂರು ಮಂದಿ ಹಂಗ ಅಂದು ಹೋಗ್ಯಾರ.”

“ನಾಲ್ಕನೇದಾಂವ ಅನ್ನೂದಿಲ್ಲ.”

ಅವಳ ತುದಿ ಸಡಿಲಾಯಿತು, ಮತ್ತೆ ಬಿಗಿಯಿತು. “ಕೌದಿ ಜೋಲಾಕತ್ತೈತಿ. ಸುಮ್ಮನ ಹಿಡೀರಿ,” ಎಂದಳು. ಕಿವಿ ಕೆಂಪಾಗಿತ್ತು.

ಸಂಜೆ ಜನ ಕರಗಿದ ಮೇಲೆ ಕೌದಿ ಮಡಚಬೇಕಾಯಿತು. ಮಡಚಬೇಕೆಂದರೆ ತುದಿ ಹಿಡಿದವರಿಬ್ಬರೂ ಒಬ್ಬರ ಕಡೆಗೊಬ್ಬರು ನಡೆಯಲೇಬೇಕು. ನಡೆದರು. ಬೆರಳಿಗೆ ಬೆರಳು ತಾಗಿತು.

“ನೀವು ಬೇಕ್ರಿ ನನಗ,” ಎಂದ ಅಂದಪ್ಪ. “ಹಿಂಗ, ಕಣ್ಣೆತ್ತಿದವರ.”

ಗುರುಸಿದ್ದವ್ವ ಅವನನ್ನು ಹುಬ್ಬಿನಿಂದ ಗದ್ದದವರೆಗೆ ನಿಧಾನಕ್ಕೆ, ಒಂದು ಹೊಲಿಗೆಯೂ ತಪ್ಪದಂತೆ ನೋಡಿದಳು.

“ನಾಳೆ ನಿಮ್ಮವ್ವನ್ನ ಕರಕೊಂಡ ಬರ್ರಿ. ಕನ್ಯಾ ನೋಡಾಕಲ್ಲ ಮತ್ತ. ನೀವು ನಡುಮನ್ಯಾಗ ಕುಂಡ್ರಬೇಕು, ನಾ ವರಾ ನೋಡಬೇಕು.”

ಅಂದಪ್ಪನೇ ತಲೆ ತಗ್ಗಿಸಿದ.